ಅಟ್ಟದ ಮೇಲೆ ಸಿಕ್ಕಿದ ಶಕೆ 1809ರ ಖಾತೆ ವಹಿ: ಇದರಲ್ಲಿರೋ ಆಳುಗಳ ಮನೆತನ ಹುಡುಕೋದು ಹೇಗೆ?

ತೋಟದಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಯಲ್ಲಾಪುರ ನಡುವೆ ಒಂದು ಸಣ್ಣ ಊರು, ಅಡಿಕೆ ತೋಟದ ಮನೆ. ಈ ಸಲ ಮಳೆಗಾಲಕ್ಕೆ ಮುಂಚೆ ಮಾಡು ಬಿಚ್ಚಿ ಹಂಚು ಬದಲಾಯಿಸೋ ಕೆಲಸ ಇತ್ತು, ಅಟ್ಟ ಖಾಲಿ ಮಾಡೋವಾಗ ಹಳೇ ಮೆಟ್ಟುಗತ್ತಿ, ಮುರಿದ ತೊಟ್ಟಿಲು ಇವೆಲ್ಲದರ ಹಿಂದೆ ಒಂದು ಹಲಸಿನ ಮರದ ಪೆಟ್ಟಿಗೆ ಸಿಕ್ತು. ಒಳಗೆ ಕೆಂಪು ಬಟ್ಟೆ ಹೊದಿಸಿದ ಉದ್ದನೆ ಖಾತೆ ವಹಿ ಮೂರು. ಎರಡಕ್ಕೆ ಗೆದ್ದಲು ಹಿಡಿದು ಹೋಗಿದೆ. ಒಂದು ಓದೋ ಹಾಗಿದೆ, ಮೊದಲ ಪುಟದಲ್ಲೇ ಶಕೆ 1809 ಸರ್ವಜಿತು ಸಂವತ್ಸರ ಅಂತ ಬರೆದಿದೆ, ಲೆಕ್ಕ ಹಾಕಿದ್ರೆ 1887-88 ಆಗ್ತದೆ.

ಅಡಿಕೆ ಮಾರಿದ ಲೆಕ್ಕ, ದೇವಸ್ಥಾನದ ಲೆಕ್ಕ ಎಲ್ಲ ಆದ ಮೇಲೆ ನಡುವೆ ಹನ್ನೊಂದು ಪುಟ 'ಆಳುಗಳ ಖಾತೆ'. ಒಬ್ಬೊಬ್ಬರಿಗೆ ಒಂದೊಂದು ಪುಟ. ಹೆಸರು ಒಂದೇ ಪದ, ಅಪ್ಪನ ಹೆಸರೂ ಇಲ್ಲ ಊರೂ ಇಲ್ಲ, ನಾಲ್ಕು ಜನರ ಮುಂದೆ ಮಾತ್ರ ಸಿದ್ದಿ (ಆಫ್ರಿಕಾ ಮೂಲದ ಸಮುದಾಯ) ಅಂತ ಇದೆ. ಕೆಳಗೆ ಅಕ್ಕಿ ಇಷ್ಟು ಕೊಳಗ, ಕಂಬಳಿ ಒಂದು, ಹಬ್ಬಕ್ಕೆ ಪಂಚೆ ಒಂದು, ಹೊಗೆಸೊಪ್ಪು, ಹೀಗೆ. ಒಂದು ಪುಟ ನೋಡಿ ನಂಗೆ ಎರಡು ದಿನ ನಿದ್ದೆ ಬರ್ಲಿಲ್ಲ. ಅದರಲ್ಲಿ 'ಮದುವೆ ಬಗ್ಗೆ ಕೊಟ್ಟಿದ್ದು 22 ರೂಪಾಯಿ' ಅಂತ ಇದೆ, ಆಮೇಲೆ ಆ ಹೆಸರಿಗೆ ಅಡ್ಡಗೀಟು ಹಾಕಿ ಅದರ ಮೇಲೆ ಬೇರೆ ಶಾಯಿಯಲ್ಲಿ ಇನ್ನೊಂದು ಹೆಸರು ಬರೆದಿದ್ದಾರೆ, ಪಕ್ಕದಲ್ಲಿ 'ತಂದೆಯ ಬಾಬ್ತು ಮಗನ ಮೇಲೆ'. ಕೆಳಗಿನ 22 ಮಾತ್ರ ಹಾಗೇ ಇದೆ, ಒಂದು ಆಣೆನೂ ಕಡಿಮೆ ಆಗಿಲ್ಲ.

ನಮ್ಮ ಅಜ್ಜ ಯಾವಾಗ್ಲೂ ಹೇಳ್ತಿದ್ರು, ಆಳು ಅಂದ್ರೆ ನಮ್ಮನೆ ಜನರೇ ಆಗಿದ್ರು ಅಂತ. ಆದ್ರೆ ಅವರಿಗೆ ಊಟ ಬಡಿಸ್ತಿದ್ದಿದ್ದು ಅಂಗಳದ ಆಚೆ, ಅದೂ ನಾನೇ ಸಣ್ಣೋಳಿದ್ದಾಗ ಕಣ್ಣಾರೆ ನೋಡಿದ್ದು.

ನಂಗೆ ತಿಳ್ಕೋಬೇಕಾಗಿರೋದು ಎರಡು. ಇವರನ್ನ ಗುಲಾಮರು ಅನ್ಬೇಕಾ ಜೀತದವರು ಅನ್ಬೇಕಾ, ಇವರ ಮಕ್ಕಳು ಮೊಮ್ಮಕ್ಕಳು ಈಗ ಎಲ್ಲಿದ್ದಾರೆ ಅಂತ ಹುಡುಕೋಕೆ ದಾರಿ ಇದೆಯಾ. ಮತ್ತೆ ನಮ್ಮ ಮನೆತನಕ್ಕೆ ಈ ಜಮೀನು ಹೇಗೆ ಬಂತು ಅನ್ನೋದು. ಅಮೆರಿಕದಲ್ಲಿರೋ ನನ್ನ ಅಣ್ಣ ಹೇಳ್ತಾನೆ ಅಲ್ಲಿ ಹತ್ತಿ ತೋಟದ ಯಜಮಾನರ ಹೆಸರು ಗುಲಾಮರ ಹೆಸರು ಎಲ್ಲ ಕಂಪ್ಯೂಟರ್‌ನಲ್ಲೇ ಹುಡುಕ್ತಾರೆ ಅಂತ, ನಮ್ಮಲ್ಲಿ ಹಾಗೆ ಏನಾದ್ರೂ ಇದೆಯಾ? ವಹಿಲಿರೋ ಹೆಸರುಗಳನ್ನ ಇಲ್ಲಿ ಹಾಕ್ತಿಲ್ಲ, ಆ ಮನೆಯವರು ಇವತ್ತಿಗೂ ಇಲ್ಲೇ ಸುತ್ತಮುತ್ತ ಇರಬಹುದು.


ಘಟ್ಟದಕೆಳಗೆ

ತಂಗಿ, ಬೇಜಾರು ಮಾಡ್ಕೋಬೇಡ, ಆದ್ರೂ ಹೇಳ್ತೇನೆ. ಈ ಹಳೇದೆಲ್ಲ ಕೆದಕಿ ಎಂತ ಆಗ್ಬೇಕು? ಆಗಿನ ಕಾಲದಲ್ಲಿ ಒಡೆಯರೂ ಆಳುಗಳ ಜೊತೆ ತೋಟಕ್ಕಿಳಿದು ಗೊಬ್ಬರ ಹೊರ್ತಿದ್ರು. 1801ರಲ್ಲಿ ನಮ್ಮ ಕರಾವಳಿ ಮೇಲೆ ಹಾದು ಹೋದ ಬುಕಾನನ್ ಸಾಹೇಬನೇ ಬರೆದಿದ್ದಾನೆ ಹೈಗದ (ನಮ್ಮ ಈ ಕಡೆ ಸೀಮೆಯ ಹಳೇ ಹೆಸರು) ಬ್ರಾಹ್ಮಣರು ಕೃಷಿ ಕೆಲಸ ಎಲ್ಲ ಸ್ವತಃ ಕೈಯಾರೆ ಮಾಡ್ತಾರೆ ಅಂತ. ಸಂಕಲೆ ಹಾಕಿ ಹಡಗಿನಲ್ಲಿ ತಂದು ಹರಾಜು ಹಾಕಿದ ಅಮೆರಿಕದ ಕತೆಗೂ ನಮ್ಮ ಊರಿನ ಆಳು ಒಡೆಯ ಸಂಬಂಧಕ್ಕೂ ಒಂದೇ ಹೆಸರು ಇಡೋದು ಸರಿ ಅಲ್ಲ ಅಂತ ನನ್ನ ಅಭಿಪ್ರಾಯ. ಈಗ ಎರಡೂ ಕಡೆಯವರು ಚೆನ್ನಾಗಿದ್ದಾರೆ, ಊರಲ್ಲಿ ಮನಸ್ಸು ಒಡೀಬಾರ್ದು ಅಷ್ಟೇ.


ಹಳೇಪಹಣಿ

ಘಟ್ಟದಕೆಳಗೆ ಅಣ್ಣಾ, ನೀವು ಹೇಳಿದ್ದು ಅರ್ಧ ನಿಜ. ಬುಕಾನನ್ ಹಾಗೆ ಬರೆದಿದ್ದು ಹೌದು, ಆದ್ರೆ ಅದೇ ಮನುಷ್ಯ ಕೆನರಾದಲ್ಲಿ, ಅಂದ್ರೆ ಆಗಿನ ನಮ್ಮ ಕರಾವಳಿ ಜಿಲ್ಲೆಯಲ್ಲಿ, ಕೂಲಿ ಆಳು ಬೇರೆ, ದುಡ್ಡು ಕೊಟ್ಟು ಕೊಂಡ ಆಳು ಬೇರೆ ಅಂತಲೂ ವಿಂಗಡಿಸಿ ಬರೆದಿದ್ದಾನೆ. ಒಡೆಯ ದುಡಿದ ಅಂದ ಮಾತ್ರಕ್ಕೆ ಆಳು ಸ್ವತಂತ್ರ ಆಗಿದ್ದ ಅಂತ ಆಗೋದಿಲ್ಲ ಅಲ್ವಾ. ಒಡೆಯನಿಗೆ ಸಾಕಾದಾಗ ಜಗಲಿ ಮೇಲೆ ಕೂರಬಹುದಿತ್ತು, ಆಳು ಬಿಟ್ಟು ಹೋಗೋ ಹಾಗಿರಲಿಲ್ಲ, ವ್ಯತ್ಯಾಸ ಅಲ್ಲೇ ಇರೋದು.

ತೋಟದಮನೆ ಅವರೇ, ನಾನು ಮೂವತ್ತು ವರ್ಷ ಕಂದಾಯದ ಕಾಗದದ ಮಧ್ಯೆನೇ ಇದ್ದವ, ಹಾಗಾಗಿ ಸ್ವಲ್ಪ ಉದ್ದ ಬರೀತೇನೆ. ಮೊದಲು ಕಾನೂನು. ನಮ್ಮ ಕಡೆ ಕಂಪನಿ ಸರ್ಕಾರ ಬಂದಿದ್ದು 1799ರಲ್ಲಿ. ಭೂಮಿ ಜೊತೆ ಆಳನ್ನೂ ಮಾರೋದು ಅಡ ಇಡೋದು ಮಲಬಾರ್ ಕೆನರಾ ಎರಡೂ ಕಡೆ ನಡೀತಿತ್ತು, ಮದ್ರಾಸ್ ರೆವಿನ್ಯೂ ಬೋರ್ಡೇ 1819ರ ಹೊತ್ತಿಗೆ ಅದರ ಬಗ್ಗೆ ವರದಿ ತರಿಸಿತ್ತು. ಆಮೇಲೆ 1843ರ 5ನೇ ಆ್ಯಕ್ಟ್ ಬಂತು. ಅದು ಗುಲಾಮರನ್ನ ಬಿಡಿ ಅಂತ ಯಾರಿಗೂ ಹೇಳ್ಲಿಲ್ಲ, ಇದನ್ನ ಸುಮಾರು ಜನ ತಪ್ಪು ತಿಳ್ಕೊಂಡಿದ್ದಾರೆ. ಅದು ಹೇಳಿದ್ದು ಇಷ್ಟೇ, ಇವ ನನ್ನ ಗುಲಾಮ ಅಂತ ಯಾರಾದ್ರೂ ಕೋರ್ಟಿಗೆ ಬಂದ್ರೆ ಕೋರ್ಟು ಕೇಳೋದಿಲ್ಲ, ಕಂದಾಯ ಬಾಕಿಗೆ ಮನುಷ್ಯರನ್ನ ಸರ್ಕಾರ ಹರಾಜು ಹಾಕೋದಿಲ್ಲ. ಕೊಳ್ಳೋದು ಮಾರೋದು ಶಿಕ್ಷೆ ಆಗೋ ಅಪರಾಧ ಅಂತ ಆಗಿದ್ದು ಇಂಡಿಯನ್ ಪೀನಲ್ ಕೋಡ್ ಜಾರಿಯಾದ 1862ರಿಂದ. ಅಂದ್ರೆ ನಿಮ್ಮ ವಹಿ ಬರೆಯೋ ಹೊತ್ತಿಗೆ ಕಾನೂನಿನ ಲೆಕ್ಕದಲ್ಲಿ ಗುಲಾಮ ಅಂತ ಯಾರೂ ಇಲ್ಲ. ಆದ್ರೆ ಕೋರ್ಟು ಗುಲಾಮನನ್ನ ಹಿಡಿದು ಕೊಡಲ್ಲ ಅಂದ್ರೂ ಸಾಲವನ್ನ ವಸೂಲಿ ಮಾಡಿ ಕೊಡ್ತದೆ ನೋಡಿ, ಹಾಗಾಗಿ ಹಿಡಿತ ಎಲ್ಲ ಸಾಲದ ರೂಪಕ್ಕೆ ಬಂತು. ನೀವು ಹೇಳಿದ ಆ 22 ರೂಪಾಯಿ ಪುಟ ಅದೇ. ಅಂಥ ಸಾಲ ಪೂರ್ತಿ ರದ್ದು ಅಂತ ಕಾನೂನು ಬಂದಿದ್ದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಲಿ, ಅಂದ್ರೆ ನಿಮ್ಮ ವಹಿ ಬರೆದು 89 ವರ್ಷ ಆದ ಮೇಲೆ. ಜೀತ ಅನ್ನಿ, ಅದೇ ಸರಿಯಾದ ಪದ, ಆದ್ರೆ ಗುಲಾಮಗಿರಿಯ ಹೊಟ್ಟೆಲೇ ಹುಟ್ಟಿದ್ದು ಅದು.

ಈಗ ಜಮೀನಿನ ವಿಷಯ. ನಮ್ಮ ಜಿಲ್ಲೆ ಕಾಗದ ಒಂದೇ ಕಡೆ ಇಲ್ಲ. 1862ರ ತನಕ ನಾವು ಮದ್ರಾಸ್ ಪ್ರೆಸಿಡೆನ್ಸಿ, ಆಮೇಲೆ 1956ರ ತನಕ ಬಾಂಬೆ, ಆಮೇಲೆ ಮೈಸೂರು. ಹಾಗಾಗಿ ಹಳೇ ಕಲೆಕ್ಟರ್ ಪತ್ರವ್ಯವಹಾರ ಚೆನ್ನೈ ಎಗ್ಮೋರ್‌ನ ತಮಿಳುನಾಡು ಪತ್ರಾಗಾರದಲ್ಲಿ, ಮಧ್ಯದ್ದು ಮುಂಬೈನ ಮಹಾರಾಷ್ಟ್ರ ಪತ್ರಾಗಾರದಲ್ಲಿ, ಈಚಿನದ್ದು ಬೆಂಗಳೂರಲ್ಲಿ. ಒಂದು ತೋಟದ ಕತೆಗೆ ಮೂರು ಊರು ತಿರುಗಬೇಕು. ಆದ್ರೆ ಮೊದಲೇ ಅಲ್ಲಿಗೆಲ್ಲ ಓಡಬೇಡಿ, ತಾಲೂಕಿಂದ ಶುರು ಮಾಡಿ. ಈಗಿನ ಸರ್ವೆ ನಂಬರ್ ಹಿಡ್ಕೊಂಡು ಕೈಬರಹದ ಪಹಣಿ, ಅದರಿಂದ ಹಿಂದಿನ ಮ್ಯುಟೇಶನ್ (ಹಕ್ಕು ಬದಲಾದ ದಾಖಲೆ), ಆಕಾರಬಂದ್ (ವಿಸ್ತೀರ್ಣ ಮತ್ತು ಕಂದಾಯದ ಪುಸ್ತಕ), ಟಿಪ್ಪಣಿ (ಸರ್ವೆ ಅಳತೆಯ ಕಾಗದ), ಹೀಗೆ ಹಿಂದೆ ಹಿಂದೆ ಹೋಗಿ. ಬಾಂಬೆ ಸರ್ಕಾರದ ಹಕ್ಕುದಾಖಲೆ ಕಾನೂನು 1903ರದ್ದು, ಅದಕ್ಕೂ ಹಿಂದೆ ಹೋದ್ರೆ ಸರ್ವೆ ಸೆಟ್ಲ್‌ಮೆಂಟ್ ಪುಸ್ತಕಗಳು, ಅದಕ್ಕೂ ಹಿಂದೆ ವರ್ಗದ ಲೆಕ್ಕ, ಅಂದ್ರೆ ಕಂದಾಯ ಕಟ್ಟೋ ಹಿಡುವಳಿಗಳ ಲೆಕ್ಕ. ಮೂಲವರ್ಗದಾರ (ಮೂಲ ಒಡೆಯ) ಯಾರು, ಮೂಲಗೇಣಿ (ಕಾಯಂ ಗೇಣಿ) ಯಾರಿಗೆ, ಚಾಲಗೇಣಿ (ಒಡೆಯ ಬಿಡಿಸಬಹುದಾದ ಗೇಣಿ) ಯಾರಿಗೆ ಅಂತ ಬಿಡಿಸಿ ನೋಡಿದ್ರೆ ನಿಮ್ಮ ಮನೆತನ ಮೊದಲಿಂದ ಒಡೆತನದಲ್ಲಿತ್ತೋ ಗೇಣಿಗೆ ಬಂದು ಆಮೇಲೆ ಕೊಂಡಿದ್ದೋ ಗೊತ್ತಾಗ್ತದೆ. ಹಳೇ ಕಾಗದದ ಮೋಡಿ ಲಿಪಿ ಓದೋರು ಬೇಕೇ ಬೇಕು, ಅದು ಬಿಟ್ರೆ ದಾರಿ ಇಲ್ಲ.

ಆಳುಗಳ ಹೆಸರು ಈ ಕಾಗದದಲ್ಲಿ ಕಾಲಂ ಒಳಗೆ ಎಲ್ಲೂ ಸಿಗಲ್ಲ. ಅವರು ಸಿಗೋದು ಅಂಚಿನಲ್ಲಿ. ಹಳೇ ಅಡಮಾನ ಪತ್ರ, ಕ್ರಯಪತ್ರದ ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ ವಿವರ) ಓದಿ ಸ್ವಾಮಿ, ಪೂರ್ವಕ್ಕೆ ಹಳ್ಳ, ದಕ್ಷಿಣಕ್ಕೆ ಇಂಥವನ ಬಿಡಾರ ಅಂತ ಇರ್ತದೆ. ನಾನೇ ಓದಿದ ಒಂದು ಪತ್ರದಲ್ಲಿ ತೋಟದ ಒಂದು ಮಗ್ಗುಲು ಪೂರ್ತಿ ಬಿಡಾರಗಳೇ, ನಾಲ್ಕು ಹೆಸರು, ಆ ನಾಲ್ಕು ಜನ ಬೇರೆ ಯಾವ ಸರ್ಕಾರಿ ಪುಸ್ತಕದಲ್ಲೂ ಇಲ್ಲ. ಇನ್ನೊಂದು, ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರೋ ಕಾಡು) ಕೊಡ್ತಿದ್ರಲ್ಲ, ಸೊಪ್ಪು ಕಡಿಯೋ ದರಕು (ಒಣಗಿದ ಎಲೆ) ಹೊರೋ ಜನರ ಬಿಡಾರ ಬಹಳಷ್ಟು ಆ ಬೆಟ್ಟದ ಬುಡದಲ್ಲೇ ಇದ್ವು. ಬೆಟ್ಟದ ನಕ್ಷೆ ಬಿಡಬೇಡಿ.

ಕೊನೇದಾಗಿ 1974ರ ಭೂಸುಧಾರಣೆ ತಿದ್ದುಪಡಿ ಆದ ಮೇಲಿನ ಭೂ ನ್ಯಾಯಮಂಡಳಿ ಕಡತಗಳು. ಗೇಣಿದಾರರು ಜಮೀನಿನ ಹಕ್ಕು ಕೇಳಿ ಹಾಕಿದ ಫಾರಂ 7 ಎಲ್ರಿಗೂ ಗೊತ್ತು, ಆದ್ರೆ ಸೆಕ್ಷನ್ 38ರಲ್ಲಿ ಕೃಷಿ ಕೂಲಿಯವರಿಗೂ ತಾವು ಕೂತ ಮನೆಯ ಜಾಗದ ಹಕ್ಕಿತ್ತು. ಅಂಥ ಕಡತದಲ್ಲಿ ನಮ್ಮ ಅಜ್ಜನ ಕಾಲದಿಂದ ಇದೇ ಮನೇಲಿ ಇದ್ದೇವೆ ಅಂತ ಹೇಳಿಕೆ ಇರ್ತದೆ, ಅಜ್ಜನ ಹೆಸರೂ ಇರ್ತದೆ. ಆ ಅಜ್ಜನ ಹೆಸರು ನಿಮ್ಮ ವಹಿಗೆ ತಾಳೆ ಆಯ್ತು ಅಂದ್ರೆ ದಾರ ಸಿಕ್ಕಿದ ಹಾಗೆ.


ಕಾಳಿಹೊಳೆ

ಹಳೇಪಹಣಿ ಅವರು ಕಂದಾಯದ್ದು ಹೇಳಿದ್ರು, ನಾನು ಗೋವಾ ಕಡೆದು ಹೇಳ್ತೀನಿ, ಕೆಲಸ ಪಣಜಿಲಿ, ಮನೆ ಕಾರವಾರದಲ್ಲಿ, ವಾರಕ್ಕೊಂದ್ಸಲ ಮಾಜಾಳಿ ಗಡಿ ದಾಟಿ ಬರೋನು.

ಮೊದ್ಲು ನಿಮ್ಮ ಅಣ್ಣನ ಮಾತು. ಬ್ರಿಟಿಷರ ಕೆರಿಬಿಯನ್ ದ್ವೀಪಗಳಲ್ಲಿ ಅಷ್ಟು ಚೆನ್ನಾಗಿ ಹೆಸರು ಸಿಗೋಕೆ ಕಾರಣ ದುಡ್ಡು. 1833ರಲ್ಲಿ ಗುಲಾಮಗಿರಿ ರದ್ದು ಮಾಡೋವಾಗ ಬ್ರಿಟಿಷ್ ಸರ್ಕಾರ ಯಜಮಾನರಿಗೆ 2 ಕೋಟಿ ಪೌಂಡ್ ಪರಿಹಾರ ಕೊಡ್ತು, ಗುಲಾಮರಿಗೆ ಒಂದು ಪೈಸೆ ಇಲ್ಲ. ದುಡ್ಡು ಕೊಡ್ಬೇಕು ಅಂದ್ರೆ ಲೆಕ್ಕ ಬೇಕಲ್ಲ, ಅದಕ್ಕೂ ಮುಂಚೆನೇ ದ್ವೀಪಗಳಲ್ಲಿ ಗುಲಾಮರ ನೋಂದಣಿ ಪುಸ್ತಕ ಶುರುವಾಗಿತ್ತು, ತೋಟದ ಹೆಸರು, ಯಜಮಾನ, ಗುಲಾಮರ ಹೆಸರು ವಯಸ್ಸು ಎಲ್ಲ. ಅದೆಲ್ಲ ಲಂಡನ್ ಕ್ಯೂನಲ್ಲಿರೋ ಪತ್ರಾಗಾರದಲ್ಲಿದೆ, ಯಾವ ಮನೆತನ ಎಷ್ಟು ಪರಿಹಾರ ತಗೊಂಡ್ತು ಅಂತ ಯೂನಿವರ್ಸಿಟಿ ಕಾಲೇಜ್ ಲಂಡನ್‌ನೋರು ಆನ್‌ಲೈನ್‌ನಲ್ಲೇ ಹಾಕಿದ್ದಾರೆ. ಆದ್ರೆ ಆ 1833ರ ಕಾನೂನಿಂದ ಈಸ್ಟ್ ಇಂಡಿಯಾ ಕಂಪನಿ ಜಾಗಗಳನ್ನ ಹೊರಗೆ ಇಟ್ರು, ಹಾಗಾಗಿ ಕೆನರಾಕ್ಕೆ ಪರಿಹಾರನೂ ಇಲ್ಲ ಪಟ್ಟಿನೂ ಇಲ್ಲ. ಅಮೆರಿಕದಲ್ಲೂ ನಿಮ್ಮ ಅಣ್ಣ ಅಂದ್ಕೊಂಡಷ್ಟು ಸುಲಭ ಅಲ್ಲ, 1850 ಮತ್ತು 1860ರ ಗುಲಾಮರ ಗಣತಿಲಿ ಯಜಮಾನನ ಹೆಸರು ಮಾತ್ರ, ಗುಲಾಮರದ್ದು ಬರೀ ವಯಸ್ಸು, ಗಂಡು ಹೆಣ್ಣು, ಬಣ್ಣ. ಬಿಡುಗಡೆ ಆದ ಮೇಲೆ 1870ರ ಗಣತಿಲೇ ಆ ಜನರೆಲ್ಲ ಹೆಸರು ಸಮೇತ ಬರೋದು. ಅಲ್ಲೂ ಯಜಮಾನನ ಉಯಿಲು, ಕ್ರಯಪತ್ರ, ತೋಟದ ಲೆಕ್ಕದ ಪುಸ್ತಕ ಹಿಡಿದೇ ಹುಡುಕ್ತಾರೆ. ನಿಮ್ಮ ಕೈಲಿ ಇರೋದು ಅಂಥದ್ದೇ ಪುಸ್ತಕ ಅಂತ ನೆನಪಿಟ್ಕೊಳ್ಳಿ, ಅಷ್ಟು ಬೆಲೆಬಾಳೋ ವಸ್ತು ಅದು.

ಸಿದ್ದಿಗಳ ನಾಲ್ಕು ಪುಟದ ಬಗ್ಗೆ. ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಗೋವಾಕ್ಕೆ ಗುಲಾಮರನ್ನ ತಂದ್ರು, ಅಲ್ಲಿಂದ ತಪ್ಪಿಸ್ಕೊಂಡೋರು ಬಿಡುಗಡೆ ಆದೋರು ಘಟ್ಟ ಹತ್ತಿ ಹಳಿಯಾಳ, ಜೋಯಿಡಾ, ಯಲ್ಲಾಪುರ, ಅಂಕೋಲಾ ಕಾಡು ಸೇರಿದ್ರು. ಎಲ್ರೂ ಗೋವಾದಿಂದಲೇ ಬಂದ್ರು ಅಂತಲ್ಲ, ದಖ್ಖನಿನ ಸುಲ್ತಾನರ ಸೈನ್ಯದಲ್ಲೂ ಆಫ್ರಿಕಾದೋರು ಬಹಳ ಇದ್ರು, ಅಹ್ಮದ್‌ನಗರದ ಸೇನಾಪತಿ ಮಲಿಕ್ ಅಂಬರ್ ಹೆಸರು ಕೇಳಿರ್ತೀರಿ. ಪೋರ್ಚುಗೀಸ್ ಆದೇಶಗಳ ವರ್ಷ ಗೊತ್ತಿದ್ರೆ ಹುಡುಕೋಕೆ ಸುಲಭ: 1836ರಲ್ಲಿ ಗುಲಾಮರ ವ್ಯಾಪಾರಕ್ಕೆ ನಿಷೇಧ, 1854ರಲ್ಲಿ ಇರೋ ಗುಲಾಮರನ್ನೆಲ್ಲ ನೋಂದಾಯಿಸಬೇಕು ಅಂತ ಆದೇಶ, 1869ರಲ್ಲಿ ರದ್ದತಿ. ರದ್ದಾದ್ರೂ 'ಲಿಬರ್ತು' (ಬಿಡುಗಡೆ ಆದವ) ಅನ್ನೋ ಹೆಸರಲ್ಲಿ ಇನ್ನೂ ಕೆಲವು ವರ್ಷ ಹಳೇ ಯಜಮಾನನ ಹತ್ರನೇ ದುಡೀಬೇಕಿತ್ತು. ನಿಮ್ಮ ವಹಿ 1887ರದ್ದು ಅಂದ್ರೆ ಅದರಲ್ಲಿರೋ ವಯಸ್ಸಾದ ಸಿದ್ದಿ ಒಬ್ಬರು ಗುಲಾಮರಾಗಿ ಹುಟ್ಟಿದೋರೇ ಆಗಿರಬಹುದು.

ಪಣಜಿಯ ಗೋವಾ ಪತ್ರಾಗಾರ 1595ರಿಂದ ಇರೋದು. ಅಲ್ಲಿ ಚರ್ಚಿನ ಹಳೇ ರಿಜಿಸ್ಟರ್‌ಗಳಿವೆ, ಬ್ಯಾಪ್ಟಿಸಂ, ಮದುವೆ, ಮರಣ. 'ಎಸ್ಕ್ರಾವು' ಅಂದ್ರೆ ಗುಲಾಮ, 'ಕಾಫ್ರಿ' ಅಂದ್ರೆ ಆಫ್ರಿಕಾದವ, 'ಅಲ್ಫೊರಿಯಾ' ಅಂದ್ರೆ ಬಿಡುಗಡೆ ಪತ್ರ, ಈ ಮೂರು ಪದ ಕಣ್ಣಿಗೆ ರೂಢಿ ಆದ್ರೆ ಪುಟ ತಿರುವುತ್ತಾ ಹೋಗಬಹುದು. ಗುಲಾಮನಿಗೆ ಬ್ಯಾಪ್ಟಿಸಂ ಮಾಡಿಸೋವಾಗ ಸಂತರ ಹೆಸರು ಇಡ್ತಿದ್ರು, ಎಷ್ಟೋ ಸಲ ಯಜಮಾನನ ಮನೆತನದ ಹೆಸರೇ ಅಂಟ್ಕೊಳ್ತಿತ್ತು, ಹಾಗಾಗಿ ಫರ್ನಾಂಡಿಸ್ ಅಂತ ಇದ್ರೆ ಅದು ರಕ್ತಸಂಬಂಧ ಅಂತ ತಿಳ್ಕೋಬೇಡಿ. ನಮ್ಮ ಜಿಲ್ಲೆಯ ಚರ್ಚುಗಳು ಬಹುತೇಕ ಗೋವಾ ಆರ್ಚ್‌ಬಿಷಪ್ ಕೆಳಗೇ ಇದ್ದಿದ್ದು, 1953ರಲ್ಲಿ ಬೆಳಗಾವಿ, 1976ರಲ್ಲಿ ಕಾರವಾರ ಧರ್ಮಪ್ರಾಂತ್ಯ ಆಯ್ತು. ಯಾವ ರಿಜಿಸ್ಟರ್ ಎಲ್ಲಿದೆ ಅಂತ ಕೇಳೋವಾಗ ಈ ವರ್ಷಗಳು ನೆನಪಿರಲಿ. ಮೇಲೆ ಹೇಳಿದ ಜಮೀನಿನ ಕತೆಗೂ ಗೋವಾ ಬೇಕಾಗಬಹುದು, ಹೈದರಾಲಿ ಸೋದೆ (ಶಿರಸಿ ಹತ್ರದ ಹಳೇ ರಾಜ್ಯ) ತಗೊಂಡಾಗ ಸೋದೆ ಅರಸರು ಗೋವಾಕ್ಕೆ ಹೋಗಿ ಫೋಂಡಾ ಹತ್ರ ಬಾಂದೋಡೆಲಿ ನೆಲೆಸಿದ್ರು.


ಡಮಾಮಿ

ಇಷ್ಟೊತ್ತೂ ಓದ್ತಾ ಇದ್ದೆ. ನಾನು ಸಿದ್ದಿ, ಯಲ್ಲಾಪುರ ಕಡೆ. ತೋಟದಮನೆ ಅಕ್ಕ, ಆ ಪುಟದ ಬಗ್ಗೆ ಬರೆದಿದ್ದಕ್ಕೆ ಮೊದಲು ನಿಮಗೆ ಕೈ ಮುಗೀತೀನಿ. ಯಾಕಂದ್ರೆ ನಮ್ಮನೇಲಿ ಇದು ಮಾತಲ್ಲೇ ಇರೋದು, ಕಾಗದ ನಾವು ಯಾರೂ ನೋಡಿಲ್ಲ. ನಮ್ಮ ಅಜ್ಜಿ ಹೇಳೋರು, ತನ್ನ ಮದುವೆ ಸೀರೆ ಸಾಲ ತೀರಿಸೋಕೆ ತನ್ನ ಮಗ, ಅಂದ್ರೆ ನನ್ನ ಅಪ್ಪ, ಎಂಟನೇ ವಯಸ್ಸಿಗೆ ದನ ಕಾಯೋಕೆ ಹೋದ ಅಂತ. ಅದನ್ನ ಹೇಳಿದ್ರೆ ಕೇಳೋರು ಕತೆ ಅಂತಿದ್ರು. ಈಗ ಯಾವ್ದೋ ಒಂದು ಅಟ್ಟದ ಮೇಲೆ ಅದೇ ತರ ಒಂದು ಲೆಕ್ಕ ಇದೆ ಅಂತ ಗೊತ್ತಾದಾಗ ಏನನ್ನಿಸ್ತು ಅಂತ ಬರೆಯೋಕೆ ಬರ್ತಿಲ್ಲ.

ಘಟ್ಟದಕೆಳಗೆ ಅಣ್ಣ, ಮನಸ್ಸು ಒಡೀಬಾರ್ದು ಅಂತ ನೀವು ಹೇಳೋದು ಒಳ್ಳೇ ಮನಸ್ಸಿಂದಲೇ ಅಂತ ಗೊತ್ತು. ಆದ್ರೆ ನಮಗೆ ಇದು ಹಳೇ ವಿಷಯ ಅಲ್ಲ. ನನ್ನ ಅಪ್ಪ ಇನ್ನೂ ಬದುಕಿದ್ದಾರೆ.

ಹುಡುಕೋ ದಾರಿ ಕೇಳಿದ್ರಿ. ಕಚೇರಿಗೆ ಹೋಗೋ ಮುಂಚೆ ಮುದುಕರ ಹತ್ರ ಹೋಗಿ. ನಮ್ಮಲ್ಲಿ ಹಿಂದೂ ಸಿದ್ದಿಗಳ ಮನೇಲಿ ಹಿರಿಯರ ಪೂಜೆ ಅಂತ ಇದೆ, ತೆಂಗಿನಕಾಯಿ ಇಟ್ಟು ಹಿರಿಯರನ್ನ ಹೆಸರು ಹಿಡಿದು ಕರೀತಾರೆ. ನಮ್ಮ ದೊಡ್ಡಮ್ಮ ಒಂದೇ ಉಸಿರಲ್ಲಿ ಆರು ತಲೆಮಾರು ಹೇಳ್ತಾರೆ. ನಿಮ್ಮ ವಹಿಲಿರೋ ಆ ಒಂದೇ ಪದದ ಹೆಸರಿಗೆ ಅಪ್ಪ ಯಾರು ಮಗ ಯಾರು ಅಂತ ಅಲ್ಲಿ ಸಿಗಬಹುದು, ಪಹಣಿಲಿ ಸಿಗೋದಿಲ್ಲ. ಕ್ರಿಶ್ಚಿಯನ್ ಸಿದ್ದಿ ಮನೆಯೋರಾದ್ರೆ ಚರ್ಚ್ ರಿಜಿಸ್ಟರ್, ಮುಸ್ಲಿಂ ಆದ್ರೆ ಹಳಿಯಾಳ ಕಡೆ ಹಿರಿಯರನ್ನ ಕೇಳಬೇಕು. ಸಿದ್ದಿನಾಸ ಹಬ್ಬಕ್ಕೆ ಮೂರೂ ಧರ್ಮದ ಸಿದ್ದಿಗಳು ಬರ್ತಾರೆ, ಅಲ್ಲಿ ಒಂದು ದಿನ ಕೂತ್ರೆ ಹತ್ತು ಊರಿನ ಸುದ್ದಿ ಸಿಗ್ತದೆ. ಡಿಎನ್‌ಎ ಪರೀಕ್ಷೆ ಮಾಡಿಸಿ ಅಂತ ಕೆಲವರು ಸಲಹೆ ಕೊಡ್ತಾರೆ, 2011ರಲ್ಲಿ ವಿಜ್ಞಾನಿಗಳು ಸಿದ್ದಿಗಳ ರಕ್ತ ಪರೀಕ್ಷೆ ಮಾಡಿ ಆಫ್ರಿಕಾದ ಬಂಟು ಭಾಷೆ ಜನರ ಸಂಬಂಧ ಇದೆ ಅಂತ ಬರೆದ್ರು, ಅದು ಒಳ್ಳೇದೇ, ಆದ್ರೆ ಅದು ಯಾವ ತೋಟ ಯಾವ ಒಡೆಯ ಅಂತ ಹೇಳೋದಿಲ್ಲ.

ಇನ್ನೊಂದು ಯಾರೂ ಹೇಳದ ವಿಷಯ. ಈ ವಹಿ ಬರೀ ಇತಿಹಾಸಕ್ಕಲ್ಲ, ಇವತ್ತಿನ ಕೆಲಸಕ್ಕೂ ಬರಬಹುದು. ನಮಗೆ 2003ರಲ್ಲಿ ಎಸ್‌ಟಿ ಸಿಕ್ತು, ಹಾಗಾಗಿ ಅರಣ್ಯ ಹಕ್ಕು ಕಾಯ್ದೆಲಿ 2005ರ ಡಿಸೆಂಬರ್ 13ಕ್ಕೆ ಮುಂಚೆ ಇದ್ದಿದ್ದು ತೋರಿಸಿದ್ರೆ ಸಾಕು. ಆದ್ರೆ ನಿಮ್ಮ ಉಳಿದ ಏಳು ಪುಟದಲ್ಲಿ ಎಸ್‌ಟಿ ಅಲ್ಲದ ಸಮುದಾಯದೋರು ಇದ್ರೆ, ಹಾಲಕ್ಕಿಗಳು ಕುಣಬಿಗಳು ಎಸ್‌ಟಿಗೆ ಸೇರಿಸಿ ಅಂತ ವರ್ಷಗಳಿಂದ ಕೇಳ್ತಾನೇ ಇದ್ದಾರಲ್ಲ, ಅಂಥೋರು 75 ವರ್ಷ ಅಂದ್ರೆ ಮೂರು ತಲೆಮಾರಿನ ವಾಸಕ್ಕೆ ಪುರಾವೆ ಕೊಡ್ಬೇಕು. ಪುರಾವೆ ಇಲ್ಲ ಅಂತಲೇ ಎಷ್ಟು ಅರ್ಜಿ ವಾಪಸ್ ಬಂದಿದೆ ಅಂತ ನಾನು ನೋಡಿದ್ದೇನೆ. ಹಿರಿಯರ ಹೇಳಿಕೆ, ವಂಶಾವಳಿ ಇವನ್ನೂ ನಿಯಮದಲ್ಲಿ ಪುರಾವೆ ಅಂತ ಒಪ್ಪಿದ್ದಾರೆ. ಮುತ್ತಜ್ಜ ಇಂಥ ಊರಲ್ಲಿ ದುಡೀತಿದ್ದ ಅಂತ 1887ರ ಕಾಗದ ಅವರ ಹೇಳಿಕೆ ಜೊತೆ ಇದ್ರೆ ಎಷ್ಟು ಬಲ ಬರ್ತದೆ ಯೋಚನೆ ಮಾಡಿ.

ಹೆಸರು ಹಾಕದೇ ಇದ್ದಿದ್ದು ಒಳ್ಳೇದಾಯ್ತು. ಮೊದಲು ಆ ಮನೆಯೋರಿಗೆ ತೋರಿಸಿ, ಅವರು ಹೂಂ ಅಂದ ಮೇಲೆ ಬೇರೆಯೋರಿಗೆ.


ತೋಟದಮನೆ

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ನಿನ್ನೆ ರಾತ್ರಿ ನಿಮ್ಮ ಉತ್ತರಗಳನ್ನೆಲ್ಲ ಆಯಿಗೆ ಓದಿ ಹೇಳಿದೆ. ಅವಳು ಸುಮಾರು ಹೊತ್ತು ಸುಮ್ಮನೆ ಕೂತಿದ್ಲು. ಆಮೇಲೆ ಆ 22 ರೂಪಾಯಿ ಪುಟದ ಹೆಸರು ಇನ್ನೊಮ್ಮೆ ಹೇಳು ಅಂದ್ಲು. ಹೇಳಿದೆ. ನಮ್ಮ ಸೊಪ್ಪಿನ ಬೆಟ್ಟದ ಕೆಳಗಿನ ಮೂಲೆಗೆ ಅದೇ ಹೆಸರಿನ ಜೊತೆ 'ಬಿಡಾರ' ಸೇರಿಸಿ ಕರೀತಾರಂತೆ, ಅವಳು ಮದುವೆಯಾಗಿ ಬಂದಾಗಿಂದ ಕೇಳಿದ್ದಾಳೆ, ದರಕು ಗುಡಿಸೋಕೆ ಅಲ್ಲಿಗೆ ಹೋಗ್ತಿದ್ಲು, ಅದು ಒಬ್ಬ ಮನುಷ್ಯನ ಹೆಸರು ಅಂತ ಇಷ್ಟು ವರ್ಷ ತಲೆಗೇ ಹೋಗಿರಲಿಲ್ಲ ಅಂದ್ಲು. ನಾನೂ ಸಣ್ಣೋಳಿದ್ದಾಗ ಅಲ್ಲಿ ಮಾವಿನಕಾಯಿ ಹೆಕ್ಕಿದ್ದೇನೆ. ಇವತ್ತು ಬೆಳಿಗ್ಗೆ ಹೋಗಿ ನೋಡಿದೆ, ಒಂದು ಒರಳುಕಲ್ಲು ಅರ್ಧ ಮಣ್ಣಲ್ಲಿ ಹೂತಿದೆ, ಮೂರು ಕಲ್ಲಿನ ಒಲೆ ಇದ್ದ ಜಾಗ ಕಾಣ್ತದೆ.

ಘಟ್ಟದಕೆಳಗೆ ಅಣ್ಣ, ನಿಮ್ಮ ಮಾತಿಗೆ ಬೇಜಾರಿಲ್ಲ, ನಮ್ಮನೆಲೂ ಚಿಕ್ಕಪ್ಪ ಅದೇ ಹೇಳ್ತಿದ್ದಾರೆ. ಆದ್ರೆ ಆ ಒರಳುಕಲ್ಲು ನೋಡಿದ ಮೇಲೆ ನಂಗೆ ಸುಮ್ಮನೆ ಇರೋಕಾಗಲ್ಲ.

ಡಮಾಮಿ, ನಿಮ್ಮ ದೊಡ್ಡಮ್ಮನ ಹತ್ರ ಬರಬಹುದಾ? ಮುಂದಿನ ಭಾನುವಾರ ಆಯಿನೂ ಬರ್ತೇನೆ ಅಂತಿದ್ದಾಳೆ. ವಹಿ ತರ್ತೇನೆ, ಫೋಟೋ ಅಲ್ಲ, ವಹಿನೇ.


ಡಮಾಮಿ

ಬನ್ನಿ ಅಕ್ಕ. ದೊಡ್ಡಮ್ಮನಿಗೆ ಕಿವಿ ಸ್ವಲ್ಪ ಮಂದ, ಹತ್ರ ಕೂತು ನಿಧಾನ ಓದಿ ಹೇಳ್ಬೇಕು. ಬೆಳಿಗ್ಗೆನೇ ಬನ್ನಿ, ಮಧ್ಯಾಹ್ನ ಊಟ ನಮ್ಮನೇಲೇ, ಆಯಿಗೂ ಹೇಳಿ. ವಹಿನ ಪ್ಲಾಸ್ಟಿಕ್‌ನಲ್ಲಿ ಸುತ್ತಬೇಡಿ ಬೆವರು ಹಿಡೀತದೆ, ಹತ್ತಿ ಬಟ್ಟೆಲಿ ಸುತ್ತಿ ತನ್ನಿ.